ಏಳು ದಿನಕ್ಕೆ ಏಳು ಊರು ಬೇಡ, ಮುಳಬಾಗಿಲು ಒಂದೇ ಸಾಕು

ಪ್ರಶ್ನೆ: ನಾವು ಯಲಹಂಕದಲ್ಲಿದ್ದೇವೆ. ನಮ್ಮ ಅಕ್ಕನ ಮನೆ ಮುಳಬಾಗಿಲಿನಲ್ಲಿದೆ. ಸಂಕ್ರಾಂತಿಗೆ ಒಂದು ವಾರ ರಜೆ ಹಾಕಿ ಅಲ್ಲಿಗೆ ಹೋಗುತ್ತಿದ್ದೇವೆ. ಮಗಳು ಏಳನೇ ಕ್ಲಾಸು, ಮಗ ನಾಲ್ಕನೇ ಕ್ಲಾಸು. ಕೋಲಾರ, ಅಂತರಗಂಗೆ, ಕೋಟಿಲಿಂಗೇಶ್ವರ, ಕೆಜಿಎಫ್, ಕೈವಾರ, ನಂದಿಬೆಟ್ಟ, ಕುರುಡುಮಲೆ ಎಂದು ದಿನಕ್ಕೊಂದರಂತೆ ಪಟ್ಟಿ ಮಾಡಿದ್ದೇನೆ. ಮಕ್ಕಳು ಹಳೆಯ ಜಾಗಗಳನ್ನು ನೋಡಬೇಕು, ಜೊತೆಗೆ ಸಣ್ಣ ಊರಿನ ಬದುಕೂ ಗೊತ್ತಾಗಬೇಕು ಅನ್ನೋದು ನಮ್ಮ ಆಸೆ. ಪಟ್ಟಿ ಸರಿ ಇದೆಯಾ? ಇನ್ನೊಂದು ಗೊಂದಲ. ದೇವಸ್ಥಾನಗಳಲ್ಲಿ ಅಕ್ಕ ಒಂದು ಕಥೆ ಹೇಳುತ್ತಾರೆ, ಬೋರ್ಡಿನಲ್ಲಿ ಇನ್ನೊಂದು ಇರುತ್ತದೆ. ಮಕ್ಕಳಿಗೆ ಯಾವುದನ್ನು ಹೇಳಬೇಕು?

ಉತ್ತರ: ಪಟ್ಟಿಯಲ್ಲಿ ಕುರುಡುಮಲೆಯನ್ನು ಉಳಿಸಿಕೊಂಡು ಮಿಕ್ಕಿದ್ದನ್ನು ಹೊಡೆದುಹಾಕಿ. ನಂದಿಬೆಟ್ಟ ನಿಮ್ಮ ಯಲಹಂಕಕ್ಕೇ ಹತ್ತಿರ. ಒಂದು ಭಾನುವಾರ ಬೆಳಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು. ಅದಕ್ಕೋಸ್ಕರ ಮುಳಬಾಗಿಲಿಗೆ ಹೋಗಿ ಅಲ್ಲಿಂದ ವಾಪಸು ಬರೋದು ಯಾಕೆ? ಕೈವಾರದ್ದೂ ಹೆಚ್ಚುಕಮ್ಮಿ ಇದೇ ಲೆಕ್ಕ. ದಿನಕ್ಕೊಂದು ಊರು ಎಂದು ಹೊರಟರೆ ಮಕ್ಕಳಿಗೆ ನೆನಪಿರೋದು ಕಾರಿನ ಸೀಟು ಮಾತ್ರ. ಅಕ್ಕನ ಮನೆಯಿದೆ, ಹಬ್ಬ ಇದೆ, ಕೈಯಲ್ಲಿ ಏಳು ದಿನ ಇದೆ. ಒಂದೇ ತಾಲ್ಲೂಕನ್ನು ನಿಧಾನವಾಗಿ ನೋಡಲು ಇಷ್ಟು ಅನುಕೂಲ ಎಲ್ಲರಿಗೂ ಸಿಗುವುದಿಲ್ಲ.

ಮುಳಬಾಗಿಲನ್ನು ನೋಡಬೇಕಾದರೆ ಮೊದಲು ರಸ್ತೆಯನ್ನು ನೋಡಬೇಕು. ಕೋಲಾರದಿಂದ ಬಂದ ಹೆದ್ದಾರಿ ಊರನ್ನು ದಾಟಿ ನಂಗಲಿ ಕಡೆಗೆ ಹೋಗುತ್ತದೆ. ಅಲ್ಲಿಂದ ಆಂಧ್ರ. ಮುಂದೆ ಪಲಮನೇರು, ಆಮೇಲೆ ಮೊಗಿಲಿ ಘಾಟು ಇಳಿದರೆ ಚಿತ್ತೂರು. ಮೇಲಿನ ಬಯಲುಸೀಮೆಯಿಂದ ತಮಿಳು ಸೀಮೆಗೆ, ತಿರುಪತಿಗೆ ಇಳಿಯುವ ಹಳೆಯ ದಾರಿ ಇದು. ಹನ್ನೆರಡನೇ ಶತಮಾನದ ವಿಷ್ಣುವರ್ಧನನ ಶಾಸನಗಳು ಅವನ ರಾಜ್ಯದ ಮೂಡಣ ಗಡಿ ಎಂದು ಹೆಸರಿಸೋದು ಇದೇ ನಂಗಲಿಯ ಘಟ್ಟವನ್ನು. ವಿಜಯನಗರದ ಬುಕ್ಕನ ಮಗ ಕುಮಾರ ಕಂಪಣ ಮುಳಬಾಗಿಲಿನಲ್ಲಿದ್ದುಕೊಂಡು ರಾಜ್ಯಭಾರ ಮಾಡುತ್ತಿದ್ದ. ಇಲ್ಲಿಂದಲೇ ದಂಡು ಕಟ್ಟಿಕೊಂಡು ಹೋಗಿ ಮಧುರೆಯ ಸುಲ್ತಾನರನ್ನು ಸೋಲಿಸಿದ. ಆ ದಂಡಯಾತ್ರೆಯ ಮೇಲೆ ಅವನ ರಾಣಿ ಗಂಗಾದೇವಿ ಸಂಸ್ಕೃತದಲ್ಲಿ ಕಾವ್ಯ ಬರೆದಳು. ಈ ಮಾತನ್ನು ಮಗಳಿಗೆ ತಪ್ಪದೆ ಹೇಳಿ. 1791ರ ಫೆಬ್ರವರಿಯಲ್ಲಿ ಕಾರ್ನ್‌ವಾಲಿಸ್ ಬೆಂಗಳೂರಿನ ಮೇಲೆ ಬಂದಾಗಲೂ ಮೊಗಿಲಿ ಘಾಟು ಹತ್ತಿ, ಮುಳಬಾಗಿಲು, ಕೋಲಾರ ಹಾದೇ ಬಂದ. ಈಗ ಅದೇ ದಾರಿಯಲ್ಲಿ ತಿರುಪತಿ ಬಸ್ಸುಗಳು, ಟೊಮೆಟೊ ಲಾರಿಗಳು ಓಡುತ್ತಿವೆ. ಈ ಊರಿನ ದೇವಸ್ಥಾನ, ಕೋಟೆ, ಹೋಟೆಲು, ಮಂಡಿ ಎಲ್ಲವೂ ಈ ದಾರಿಯನ್ನು ಹಿಡಿದುಕೊಂಡೇ ಬೆಳೆದವು. ಇದೊಂದು ಗೊತ್ತಿದ್ದರೆ ಏಳು ದಿನದಲ್ಲಿ ನೋಡಿದ್ದೆಲ್ಲ ಒಂದಕ್ಕೊಂದು ಸೇರಿಕೊಳ್ಳುತ್ತದೆ.

ಮೊದಲ ದಿನ ಎಲ್ಲಿಗೂ ಹೋಗಬೇಡಿ. ಬೆಳಗ್ಗೆ ಎದ್ದು ಊರೊಳಗಿನ ಆಂಜನೇಯಸ್ವಾಮಿ ದೇವಸ್ಥಾನಕ್ಕೆ ನಡೆದುಕೊಂಡು ಹೋಗಿ. ಈ ಆಂಜನೇಯನನ್ನು ಅರ್ಜುನ ಪ್ರತಿಷ್ಠೆ ಮಾಡಿದ ಎನ್ನುವುದು ಊರಿನ ನಂಬಿಕೆ. ತಿರುಪತಿಗೆ ಹೊರಟವರು ಇಲ್ಲಿ ಇಳಿದು ಕೈಮುಗಿದು ಮುಂದೆ ಹೋಗುತ್ತಾರೆ. ಬಾಗಿಲ ಹತ್ತಿರ ಸ್ವಲ್ಪ ಹೊತ್ತು ಸುಮ್ನೆ ಕೂತುಕೊಳ್ಳಿ. ಯಾವ ಊರಿನ ನಂಬರಿನ ಗಾಡಿಗಳು ಬರುತ್ತವೆ ಎಂದು ಮಗ ನೋಡಲಿ. ದಾರಿಯ ಊರು ಎಂದರೆ ಏನು ಅನ್ನೋದು ಅವನಿಗೆ ಅಲ್ಲೇ ತಿಳಿಯುತ್ತದೆ.

ಅಲ್ಲಿಂದ ದೋಸೆಗೆ. ಬೆಂಗಳೂರಿನ ಎಷ್ಟೋ ಹೋಟೆಲುಗಳಲ್ಲಿ 'ಮುಳಬಾಗಿಲು ದೋಸೆ' ಎಂದು ಬೋರ್ಡು ಹಾಕುತ್ತಾರೆ. ಆದರೂ ಇಲ್ಲಿ ತಿನ್ನೋದೇ ಬೇರೆ. ದೋಸೆ ಸಣ್ಣದು, ದಪ್ಪ. ಹಿಟ್ಟನ್ನು ಜಾಸ್ತಿ ಹರಡುವುದಿಲ್ಲ. ತುಪ್ಪ ಧಾರಾಳ. ತಳ ಗರಿಗರಿ ಇರುತ್ತದೆ, ಒಳಗೆ ಮೆತ್ತಗೆ. ಯಾವ ಹೋಟೆಲು ಎಂದು ನಾನು ಹೇಳುವುದಿಲ್ಲ. ನಿಮ್ಮ ಅಕ್ಕನವರ ಬೀದಿಯಲ್ಲಿ ಕೇಳಿ. ಎರಡು ಮನೆಯವರು ಎರಡು ಹೆಸರು ಹೇಳಿ ಅಲ್ಲೇ ವಾದಕ್ಕೆ ನಿಲ್ಲುತ್ತಾರೆ. ಅದನ್ನು ಕೇಳೋದೂ ಈ ಪ್ರವಾಸದ ಭಾಗವೇ.

ವಾದ ಅರ್ಧ ತೆಲುಗಿನಲ್ಲಿ ನಡೆದರೆ ಗಾಬರಿಯಾಗಬೇಡಿ. ಇಲ್ಲಿ ಎಷ್ಟೋ ಮನೆಗಳಲ್ಲಿ ಒಳಗೆ ತೆಲುಗು, ಹೊರಗೆ ಕನ್ನಡ. ಅಂಗಡಿಯವರು ಒಂದೇ ಉಸಿರಿನಲ್ಲಿ ಎರಡನ್ನೂ ಆಡುತ್ತಾರೆ. ಇದೇ ಊರಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು ಕನ್ನಡದಲ್ಲಿ ಎಂಥ ದೊಡ್ಡ ಹೆಸರಾದರು ಎನ್ನುವುದು ನಿಮಗೆ ಗೊತ್ತೇ ಇದೆ. ಗಡಿನಾಡಿನ ಭಾಷೆ ಹೀಗೇ ಇರುತ್ತದೆ, ಇದರಲ್ಲಿ ಕೊರತೆ ಏನೂ ಇಲ್ಲ ಎಂದು ಮಕ್ಕಳಿಗೆ ಹೇಳಿ.

ಎರಡನೇ ದಿನ ನರಸಿಂಹ ತೀರ್ಥ. ಊರಿಗೆ ಅಂಟಿಕೊಂಡಂತೆಯೇ ಇದೆ. ಶ್ರೀಪಾದರಾಜರ ಬೃಂದಾವನ ಇರುವ ಜಾಗ. ಹದಿನೈದನೇ ಶತಮಾನದ ಯತಿಗಳು, ವ್ಯಾಸರಾಯರಿಗೆ ಗುರುಗಳು. ಮಠದ ವಿದ್ವತ್ತೆಲ್ಲ ಸಂಸ್ಕೃತದಲ್ಲಿ ನಡೆಯುತ್ತಿದ್ದ ಕಾಲದಲ್ಲಿ ಇವರು 'ರಂಗವಿಠಲ' ಎಂಬ ಅಂಕಿತದಲ್ಲಿ ಕನ್ನಡ ಪದಗಳನ್ನು ಕಟ್ಟಿದರು. ಪುರಂದರದಾಸರು, ಕನಕದಾಸರು ಬರುವ ಮೊದಲಿನ ಮಾತು ಇದು. ಹಿಂದೆ ತಿರುಪತಿಗೆ ನಡೆದು ಹೋಗುವವರು ಇಲ್ಲಿನ ತೀರ್ಥದಲ್ಲಿ ಮಿಂದು ಮುಂದೆ ಸಾಗುತ್ತಿದ್ದರು. ಮತ್ತೆ ಅದೇ ದಾರಿಯ ಕಥೆ. ಸಂಜೆ ಊರೊಳಗಿನ ಹೈದರ್ ವಲಿ ದರ್ಗಾಕ್ಕೂ ಹೋಗಿ ಬನ್ನಿ. ಅಲ್ಲಿಗೆ ಎಲ್ಲ ಜಾತಿ, ಧರ್ಮದವರೂ ಬರುತ್ತಾರೆ.

ವಿರೂಪಾಕ್ಷಿ ಎನ್ನುವ ಹಳ್ಳಿಯ ದೇವಸ್ಥಾನ ನೋಡಲು ಅರ್ಧ ದಿನ ಸಾಕು. ವಿಜಯನಗರದ ಎರಡನೇ ದೇವರಾಯನ ಕಾಲದಲ್ಲಿ ಲಕ್ಕಣ್ಣ ದಂಡೇಶ ಈ ಸೀಮೆಯನ್ನು ನೋಡಿಕೊಳ್ಳುತ್ತಿದ್ದ. ಈ ಗುಡಿಗೂ ಅವನ ಹೆಸರು ಸೇರಿಕೊಂಡಿದೆ. ಕಂಬ, ಮಂಟಪ ಚೆನ್ನಾಗಿವೆ. ಆದರೆ ನಾಲ್ಕನೇ ಕ್ಲಾಸಿನ ಹುಡುಗನಿಗೆ ಬೇಗ ಬೇಜಾರಾಗುತ್ತದೆ. ಅವನಿಗೆ ಬೇಕಾದದ್ದು ಬೆಟ್ಟದಲ್ಲಿದೆ.

ಬೆಟ್ಟ ಎಂದರೆ ಊರಿನ ನೆತ್ತಿಯ ಮೇಲೇ ಇರುವ ಕೋಟೆ ಬೆಟ್ಟ. ಬೆಳಗ್ಗೆ ಬೇಗ ಹತ್ತಿ, ಬಿಸಿಲು ಏರುವ ಮೊದಲು ಇಳಿದುಬಿಡಿ. ನೀರು ಒಯ್ಯಿರಿ. ಹುಡುಗನ ಕೈ ಬಿಡಬೇಡಿ. ಹತ್ತುವ ಮೊದಲು ಅಥವಾ ಮೇಲೆ ಕೂತು ಅವನಿಗೆ 1768ರ ಅಕ್ಟೋಬರ್ 4ರ ಕಥೆ ಹೇಳಿ. ಮೊದಲನೇ ಆಂಗ್ಲೋ-ಮೈಸೂರು ಯುದ್ಧ ನಡೆಯುತ್ತಿತ್ತು. ಇಂಗ್ಲಿಷರ ಕೈಗೆ ಹೋಗಿದ್ದ ಈ ಕೋಟೆಯನ್ನು ಹೈದರಾಲಿ ವಾಪಸು ಪಡೆದಿದ್ದ. ಕರ್ನಲ್ ವುಡ್ ಎನ್ನುವವನು ಮತ್ತೆ ಕಿತ್ತುಕೊಳ್ಳಲು ಬಂದ. ಅಷ್ಟರಲ್ಲಿ ಹೈದರನ ದೊಡ್ಡ ಸೈನ್ಯವೇ ಬಂದುಬಿಟ್ಟಿತು. ಸುತ್ತಮುತ್ತಲಿನ ಬಂಡೆಗಳ ನಡುವೆ ಕಾಳಗ. ನೆಲವೆಲ್ಲ ಬಂಡೆ, ಕುದುರೆ ಓಡಿಸಲು ಜಾಗವಿಲ್ಲ. ಯಾರು ಎಲ್ಲಿದ್ದಾರೆ ಎನ್ನುವುದೇ ಕಾಣದ ಸ್ಥಿತಿ. ವುಡ್ ಸೋಲುವ ಹಾಗೆ ಆಯಿತು. ಸಾಮಾನು ಸರಂಜಾಮು ಕಾಯಲು ಹಿಂದೆ ಉಳಿದಿದ್ದ ಬ್ರೂಕ್ ಎಂಬ ಕ್ಯಾಪ್ಟನ್ ಆಗ ಒಂದು ಉಪಾಯ ಮಾಡಿದ. ಗಾಯಾಳುಗಳನ್ನೂ ಸೇರಿಸಿಕೊಂಡು ಎರಡು ಫಿರಂಗಿಗಳನ್ನು ಕಣ್ಣಿಗೆ ಬೀಳದ ದಾರಿಯಲ್ಲಿ ಒಂದು ಬಂಡೆಯ ಮೇಲಕ್ಕೆ ಎಳೆಸಿದ. ಅಲ್ಲಿಂದ ಗುಂಡು ಹಾರಿಸುತ್ತಾ ಎಲ್ಲರೂ ಒಟ್ಟಿಗೆ 'ಸ್ಮಿತ್! ಸ್ಮಿತ್!' ಎಂದು ಕೂಗಿದರು. ಕರ್ನಲ್ ಸ್ಮಿತ್ ದೊಡ್ಡ ಸೈನ್ಯದೊಂದಿಗೆ ಬೇರೆ ಕಡೆ ಇದ್ದ. ಅವನೇ ಬಂದುಬಿಟ್ಟ ಎಂದು ಹೈದರನ ಕಡೆಯವರು ನಂಬಿದರು. ತಮಾಷೆ ಎಂದರೆ ವುಡ್‌ನ ಸೈನಿಕರೂ ನಂಬಿದರು! ಹೈದರನ ಪಡೆ ಹಿಂದೆ ಸರಿದಷ್ಟು ಹೊತ್ತಿನಲ್ಲಿ ಇವರು ಸುಧಾರಿಸಿಕೊಂಡು ಬಚಾವಾದರು. ಕೋಟೆ ಮಾತ್ರ ಅವರಿಗೆ ಸಿಗಲಿಲ್ಲ.

ಕಥೆ ಮುಗಿದ ಮೇಲೆ ಮಕ್ಕಳಿಗೆ ಒಂದೇ ಪ್ರಶ್ನೆ ಕೇಳಿ: ಫಿರಂಗಿ ಎಳೆಯಲು ನೀವಾಗಿದ್ದರೆ ಯಾವ ಬಂಡೆ ಆರಿಸುತ್ತಿದ್ದಿರಿ? ಅರ್ಧ ಗಂಟೆ ಅವರು ಮಾತು ನಿಲ್ಲಿಸುವುದಿಲ್ಲ. ಕೋಟೆ ನೋಡುವುದು ಎಂದರೆ ನನ್ನ ಪ್ರಕಾರ ಇದೇ. ಗೋಡೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡರೆ ಕೋಟೆ ನೋಡಿದ ಹಾಗಾಗುವುದಿಲ್ಲ.

ಇನ್ನು ಆವಣಿ. ಇದಕ್ಕೆ ಪೂರ್ತಿ ಒಂದು ದಿನ ಕೊಡಿ, ಸಾಧ್ಯವಾದರೆ ಎರಡು. ಮುಳಬಾಗಿಲಿನಿಂದ ಹದಿಮೂರು ಕಿಲೋಮೀಟರ್ ಆಸುಪಾಸು. ಜಿಲ್ಲೆಯಲ್ಲಿ ಒಂದೇ ಜಾಗ ನೋಡಲು ಸಮಯವಿದೆ ಎಂದು ಯಾರಾದರೂ ಕೇಳಿದರೂ ನಾನು ಆವಣಿಯನ್ನೇ ಹೇಳುತ್ತೇನೆ. ಒಂದೇ ಪ್ರಾಕಾರದೊಳಗೆ ರಾಮೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ ಎಂದು ಸಾಲಾಗಿ ಗುಡಿಗಳಿವೆ. ಹತ್ತನೇ ಶತಮಾನದ ಸುಮಾರಿಗೆ ಇಲ್ಲಿ ಆಳುತ್ತಿದ್ದ ನೊಳಂಬರ ಕಾಲದ ಕೆಲಸ. ಆಮೇಲೆ ಚೋಳರು, ವಿಜಯನಗರದವರು ಸೇರಿಸುತ್ತಾ ಹೋದರು. ಎಲ್ಲ ಗುಡಿಗೂ ಒಂದೊಂದು ಸುತ್ತು ಹಾಕಿ ಬರಬೇಡಿ. ಲಕ್ಷ್ಮಣೇಶ್ವರದ ಹೊರಗೋಡೆಯ ಮುಂದೆ ನಿಲ್ಲಿ. ಇಲ್ಲಿ ಗೋಡೆಯ ಮೇಲೆ ಮೂರ್ತಿಗಳು ತುಂಬಿವೆ. ಪಕ್ಕದ ಗುಡಿಗಳ ಗೋಡೆ ಇದಕ್ಕೆ ಹೋಲಿಸಿದರೆ ಬೋಳು. ಆಮೇಲೆ ಒಳಗೆ ಹೋಗಿ ತಲೆಯೆತ್ತಿ ಛಾವಣಿ ನೋಡಿ. ನಡುವೆ ಉಮಾಮಹೇಶ್ವರ, ಸುತ್ತ ಎಂಟು ದಿಕ್ಕಿನ ದಿಕ್ಪಾಲಕರು. ಯಾರ ವಾಹನ ಯಾವುದು ಎಂದು ಮಗಳು ಗುರುತಿಸಲಿ. ಟಗರು ಕಂಡರೆ ಅಗ್ನಿ, ಆನೆ ಕಂಡರೆ ಇಂದ್ರ, ಕೋಣ ಕಂಡರೆ ಯಮ.

ಆವಣಿಯಲ್ಲಿ ನನಗೆ ಜಾಸ್ತಿ ಇಷ್ಟವಾದ ಮನುಷ್ಯ ರಾಜನಲ್ಲ. ತ್ರಿಭುವನಕರ್ತ ಎಂಬ ಶೈವ ಗುರು. ನಲವತ್ತು ವರ್ಷ ಆವಣಿಯ ಸ್ಥಾನವನ್ನು, ಅಂದರೆ ಅಲ್ಲಿನ ಗುಡಿ ಮಠಗಳ ಆಡಳಿತವನ್ನು, ನಡೆಸಿದ, ಐವತ್ತು ಗುಡಿಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಮಾಡಿಸಿದ ಎಂದು ಅವನ ಶಾಸನ ಹೇಳುತ್ತದೆ. ತೀರಿಕೊಂಡದ್ದು 961ರಲ್ಲಿ. ಗುಡಿಯ ಲೆಕ್ಕದ ಜೊತೆಗೇ ಕೆರೆಯ ಲೆಕ್ಕ ಬಂದಿದೆ, ನೋಡಿ. ವರ್ಷವಿಡೀ ಹರಿಯುವ ಹೊಳೆ ಇಲ್ಲದ ಸೀಮೆ ಇದು. ಕೆರೆ ಕಟ್ಟಿಸದೆ ಗುಡಿ ಕಟ್ಟಿಸಿದರೆ ಪೂಜೆ ಮಾಡಲು ಊರಿನಲ್ಲಿ ಜನ ಇರಬೇಕಲ್ಲ! ಕೆರೆಗೆ ನೀರು ತುಂಬಿಸುವ ಚಿಂತೆ ಇವತ್ತಿಗೂ ಮುಗಿದಿಲ್ಲ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ ಶುರುವಾದದ್ದು 2018ರಲ್ಲಿ. ಅದರ ಬಗ್ಗೆ ಯಾವ ರೈತರನ್ನು ಕೇಳಿದರೂ ಒಂದೊಂದು ಅಭಿಪ್ರಾಯ ಹೇಳುತ್ತಾರೆ. ಕೇಳಿ.

ಕಥೆಯೋ ಇತಿಹಾಸವೋ ಎಂದು ಕೇಳಿದ್ದೀರಿ. ಆವಣಿಯಲ್ಲೇ ಇದು ಎದುರಾಗುತ್ತದೆ. ವಾಲ್ಮೀಕಿ ಆಶ್ರಮ ಇದ್ದದ್ದು ಇಲ್ಲೇ, ಸೀತೆ ಲವಕುಶರನ್ನು ಹೆತ್ತದ್ದು ಈ ಬೆಟ್ಟದಲ್ಲೇ, ಆ ಮಕ್ಕಳ ಜೊತೆ ಕಾದಿದ ಪಾಪ ಕಳೆಯಲು ಅಣ್ಣತಮ್ಮಂದಿರು ಒಂದೊಂದು ಲಿಂಗ ಇಟ್ಟರು ಎಂದು ಅಕ್ಕ ಹೇಳುತ್ತಾರೆ. ನೊಳಂಬರು ಕಟ್ಟಿಸಿದ್ದು ಎಂದು ಬೋರ್ಡು ಹೇಳುತ್ತದೆ. ಎರಡನ್ನೂ ಹೇಳಿ, ಆದರೆ ಬೆರೆಸಬೇಡಿ. ಕಲ್ಲು ಯಾರು ಕಡೆದರು, ಯಾವಾಗ ಎನ್ನುವುದಕ್ಕೆ ಶಾಸನ ಕೇಳಬೇಕು. ಜನ ಇಲ್ಲಿಗೆ ಯಾಕೆ ಬರುತ್ತಾರೆ ಎನ್ನುವುದಕ್ಕೆ ಅಕ್ಕನನ್ನೇ ಕೇಳಬೇಕು. ಬೆಟ್ಟದ ಮೇಲೆ ಸೀತಮ್ಮನ ಗುಡಿ ಇದೆ. ಅದನ್ನು ಹತ್ತಿ ಬರುವ ಹೆಂಗಸರನ್ನು ನೊಳಂಬರ ಚರಿತ್ರೆ ಕರೆದುಕೊಂಡು ಬಂದಿಲ್ಲ. ಅಕ್ಕನ ಮಾತಿನ ಮಧ್ಯೆ 'ಅದು ಹಾಗಲ್ಲ' ಎಂದು ತಿದ್ದಲು ಹೋಗಬೇಡಿ. ಮನೆಗೆ ಬಂದ ಮೇಲೆ ಮಗಳ ಜೊತೆ ಮಾತಾಡಿ. ಏಳನೇ ಕ್ಲಾಸಿನ ಮಗುವಿಗೆ ಎರಡೂ ಹಿಡಿಸುತ್ತವೆ.

ಎರಡು ಎಚ್ಚರಿಕೆ. ಆವಣಿ ಬೆಟ್ಟದಲ್ಲಿ ಕೋತಿಗಳ ಕಾಟ ಇದೆ, ಕೈಯಲ್ಲಿ ತಿಂಡಿ ಹಿಡಿದು ಹತ್ತಬೇಡಿ. ಶಾಸನ ಕಂಡರೆ ಅಕ್ಷರ ಕಾಣಲಿ ಎಂದು ಸೀಮೆಸುಣ್ಣ, ರಂಗೋಲಿ ಪುಡಿ ತಿಕ್ಕಬೇಡಿ. ಕಲ್ಲು ಹಾಳಾಗುತ್ತದೆ. ಮೊಬೈಲ್ ಟಾರ್ಚನ್ನು ಎದುರಿನಿಂದ ಬಿಡದೆ ಪಕ್ಕದಿಂದ, ಕಲ್ಲಿಗೆ ಸವರಿದ ಹಾಗೆ ಹಿಡಿಯಿರಿ. ಕಾಣದ ಸಾಲು ಎದ್ದು ಬರುತ್ತದೆ. ಓದಲು ಆಗದಿದ್ದರೂ ಪರವಾಗಿಲ್ಲ. ಈ ಸೀಮೆಯ ಶಾಸನಗಳಲ್ಲಿ ಕನ್ನಡದ ಜೊತೆ ತಮಿಳೂ ಇದೆ. ಇದು ಕನ್ನಡದ ಹಾಗೆ ಕಾಣುತ್ತಿಲ್ಲವಲ್ಲ ಎಂದು ಮಗಳು ಕೇಳಿದರೆ ಚೋಳರ ಕಥೆಗೆ ಅದೇ ಪೀಠಿಕೆ. ಕೋಲಾರ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೇ ಸಂಪುಟವಾಗಿ ಪ್ರಕಟಿಸಿದರು. ಅದರ ಸ್ಕ್ಯಾನ್ ಪ್ರತಿ ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ತಾಲ್ಲೂಕುವಾರು ಜೋಡಿಸಿದ್ದಾರೆ. ಹೊರಡುವ ಮೊದಲು ಮುಳಬಾಗಿಲಿನ ಭಾಗ ತಿರುವಿಹಾಕಿ. ನಿಮ್ಮ ಅಕ್ಕನವರ ಪಕ್ಕದ ಹಳ್ಳಿಯ ಹೆಸರೂ ಸಿಕ್ಕೀತು.

ಕುರುಡುಮಲೆಗೆ ಬೆಳಗ್ಗೆ ಹೋಗುವ ಬದಲು ಸಂಜೆ ನಾಲ್ಕರ ಮೇಲೆ ಹೋಗಿ. ಹತ್ತು ಕಿಲೋಮೀಟರ್ ದಾರಿ. ಮಧ್ಯಾಹ್ನ ಗುಡಿಯ ಬಾಗಿಲು ಹಾಕಿರುತ್ತಾರೆ, ಅದನ್ನು ಮೊದಲೇ ವಿಚಾರಿಸಿಕೊಳ್ಳಿ. ಗಣೇಶ ಹದಿಮೂರೂವರೆ ಅಡಿ ಎತ್ತರ, ಒಂದೇ ಕಲ್ಲು. ಮಗ ಎಷ್ಟು ಎತ್ತರ, ಅವನಂಥವರು ಎಷ್ಟು ಜನ ಒಬ್ಬರ ಮೇಲೊಬ್ಬರು ನಿಂತರೆ ಗಣೇಶ ಆಗುತ್ತಾನೆ ಎಂದು ಲೆಕ್ಕ ಹಾಕಿಸಿ. ಅಲ್ಲಿಗೇ ಬಂದು ಹೋಗುವವರು ಜಾಸ್ತಿ. ಹತ್ತಿರದಲ್ಲೇ ಇರುವ ಸೋಮೇಶ್ವರ ಗುಡಿಯನ್ನು ಬಿಟ್ಟುಬಿಡುತ್ತಾರೆ. ನೀವು ಬಿಡಬೇಡಿ. ಚೋಳರ ಕಾಲದ ಶೈಲಿ. ಒಂದು ಭಾಗ ಜಕ್ಕಣಾಚಾರಿ ಕಡೆದದ್ದು, ಇನ್ನೊಂದು ಭಾಗ ಅವನ ಮಗ ಡಂಕಣನದು ಎಂದು ಅಲ್ಲಿ ಹೇಳುತ್ತಾರೆ. ಇದೇ ತಂದೆ ಮಗನ ಕಥೆ ಬೇಲೂರಿಗೂ ತುಮಕೂರಿನ ಕೈದಾಳಕ್ಕೂ ಅಂಟಿಕೊಂಡಿದೆ. ಹಾಗಾಗಿ ನಾನು ಅದನ್ನು ಇತಿಹಾಸ ಎಂದು ತೆಗೆದುಕೊಳ್ಳುವುದಿಲ್ಲ. ಆದರೆ ಎರಡು ಕಡೆಯ ಕೆತ್ತನೆ ನಿಜವಾಗಿ ಬೇರೆ ಬೇರೆ ಕೈಯದ್ದೇ ಎಂದು ನೋಡುವ ಕೆಲಸ ಮಕ್ಕಳಿಗೆ ಕೊಡಿ. ಕಥೆ ಸುಳ್ಳಾದರೂ ಕಣ್ಣು ಚುರುಕಾಗುತ್ತದೆ.

ಸಂಜೆ ಹೋಗಿ ಎಂದದ್ದಕ್ಕೆ ಇನ್ನೊಂದು ಕಾರಣ ಹಾಲಿನ ಡೇರಿ. ಈ ಕಡೆಯ ಹಳ್ಳಿಗಳಲ್ಲಿ ಬೆಳಗ್ಗೆ, ಸಂಜೆ ಡೇರಿಯ ಮುಂದೆ ಕ್ಯೂ ನಿಲ್ಲುತ್ತದೆ. ಸ್ಟೀಲ್ ಕ್ಯಾನು, ಪ್ಲಾಸ್ಟಿಕ್ ಕ್ಯಾನು, ಸೊಂಟದ ಮೇಲೆ ಬಿಂದಿಗೆ. ಸೆಕ್ರೆಟರಿ ಪ್ರತಿಯೊಬ್ಬರ ಹಾಲಿನಿಂದ ಸ್ವಲ್ಪ ತೆಗೆದು ಪರೀಕ್ಷೆ ಮಾಡಿ, ಅಳೆದು, ಬರೆದುಕೊಳ್ಳುತ್ತಾರೆ. ಫ್ಯಾಟ್ ಕಡಿಮೆ ಬಂತು ಎಂದರೆ ಅಲ್ಲೇ ಒಂದು ಮಾತು ಏಳುತ್ತದೆ. 'ಹೋದ ಸಲಾನೂ ಹಿಂಗೇ ಅಂದ್ರಿ' ಎಂದು ಒಬ್ಬರು, 'ಹಿಂಡಿ ಬದಲಾಯಿಸಿ ನೋಡಕ್ಕಾ' ಎಂದು ಇನ್ನೊಬ್ಬರು. ಯಾರ ಮನೆ ಹಸು ಕರು ಹಾಕಿತು, ಯಾರ ಬೋರ್‌ವೆಲ್ ಬತ್ತಿತು, ಯಾರ ಮಗಳಿಗೆ ಗಂಡು ನೋಡುತ್ತಿದ್ದಾರೆ, ಎಲ್ಲವೂ ಆ ಕ್ಯೂನಲ್ಲಿ ಗೊತ್ತಾಗುತ್ತದೆ. ಕೋಲಾರ ಎಂದರೆ ಚಿನ್ನ ಎನ್ನುತ್ತಾರೆ. ಮನೆ ನಡೆಸುವುದು ಈ ಹಾಲು. ಗುಡಿ ನೋಡಿ ಬರುವಾಗ ಹತ್ತು ನಿಮಿಷ ಅಲ್ಲಿ ನಿಲ್ಲಿ. ಫೋಟೋ ತೆಗೆಯುವ ಮೊದಲು ಕೇಳಿ.

ಒಂದು ಬೆಳಗ್ಗೆ ಹೆದ್ದಾರಿ ಪಕ್ಕದ ವಡ್ಡಹಳ್ಳಿಯ ಟೊಮೆಟೊ ಮಾರುಕಟ್ಟೆಗೆ ಮಗನನ್ನು ಕರೆದುಕೊಂಡು ಹೋಗಿ. ಸೀಸನ್ನಿನ ಗದ್ದಲ ಜನವರಿಯಲ್ಲಿ ಇರುವುದಿಲ್ಲ, ಅದೇ ಒಳ್ಳೆಯದು. ಕ್ರೇಟುಗಳ ಸಾಲು, ಹರಾಜು ಕೂಗುವವರ ವೇಗ, ಬೆಲೆ ಕೇಳಿದ ರೈತರ ಮುಖ. ದಾರಿಗೆ ಅಡ್ಡ ನಿಲ್ಲಬೇಡಿ, ಹಮಾಲರು ತಲೆಯ ಮೇಲೆ ಭಾರ ಹೊತ್ತು ಓಡಾಡುತ್ತಿರುತ್ತಾರೆ.

ಹಬ್ಬದ ದಿನ ಮನೆಯಲ್ಲೇ ಇರಿ. ಎಳ್ಳು ಬೆಲ್ಲ ಬೀರಲು ಮಗಳನ್ನು ಅಕ್ಕನವರ ಜೊತೆ ಕಳಿಸಿ. ಒಂದು ಬೀದಿಯ ಅಷ್ಟೂ ಮನೆಯ ಹೊಸ್ತಿಲು ಒಂದೇ ಸಂಜೆಯಲ್ಲಿ ದಾಟಲು ಬೇರೆ ದಾರಿಯೇ ಇಲ್ಲ. ತೆಲುಗು ಮನೆಗಳಲ್ಲಿ ಹಿಂದಿನ ದಿನವೇ ಭೋಗಿ, ಬೆಳಗಿನ ಜಾವ ಬೀದಿಯಲ್ಲಿ ಬೆಂಕಿ ಹಾಕುತ್ತಾರೆ. ಹಳ್ಳಿಯಲ್ಲಿ ನೆಂಟರಿದ್ದರೆ ಸಂಕ್ರಾಂತಿ ಸಂಜೆ ದನಗಳಿಗೆ ಕಿಚ್ಚು ಹಾಯಿಸುವುದನ್ನು ನೋಡಲು ಹೋಗಿ, ದೂರ ನಿಂತು ನೋಡಿ. ಅವರೆಕಾಯಿ ಕಾಲ ಬೇರೆ. ಹಿತಕಿದ ಬೇಳೆ ಸಾರು, ರಾಗಿ ಮುದ್ದೆ ಮಾಡಿಸಿಕೊಳ್ಳಿ. ಅವರೆ ಹಿತುಕಲು ಮಕ್ಕಳನ್ನೂ ಕೂರಿಸಿ. ದೊಡ್ಡವರ ಹರಟೆ ಅವರ ಕಿವಿಗೆ ಬೀಳೋದು ಆಗಲೇ.

ಇಷ್ಟೆಲ್ಲ ಆದ ಮೇಲೂ ಕೆಜಿಎಫ್ ನೋಡಲೇಬೇಕು ಎಂದು ಮಗ ಹಟ ಹಿಡಿದರೆ ಒಂದು ದಿನ ಕೊಡಿ. ಆದರೆ ಅಲ್ಲಿ ಏನು ಕಾಣುತ್ತದೆ ಎಂದು ಮೊದಲೇ ಹೇಳಿಬಿಡಿ. ಗಣಿಗಳು ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ ಹೋಗಿತ್ತು, ಒಳಗೆ ಯಾರನ್ನೂ ಬಿಡುವುದಿಲ್ಲ. ಕಾಣುವುದು ಚಿನ್ನ ತೆಗೆದು ಉಳಿದ ಕಲ್ಲುಪುಡಿ ಸುರಿದ ಸೈನೈಡ್ ದಿಬ್ಬಗಳು, ಹಳೆಯ ಬಂಗಲೆಗಳು, ಕಾರ್ಮಿಕರ ಲೈನು ಮನೆಗಳು. ದಿಬ್ಬದ ಮೇಲೆ ಮಕ್ಕಳನ್ನು ಆಡಲು ಬಿಡಬೇಡಿ. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಎಳೆದು ತಂದದ್ದು ಈ ಗಣಿಗಳಿಗೋಸ್ಕರ. ಬೆಂಗಳೂರಿನ ಬೀದಿ ದೀಪಕ್ಕಿಂತ ಮೊದಲೇ ಇಲ್ಲಿಗೆ ಕರೆಂಟು ಬಂತು ಎಂದರೆ ಮಗ ನಂಬಲಿಕ್ಕಿಲ್ಲ. ವಾಪಸು ಬರುವಾಗ ಹೊತ್ತಿದ್ದರೆ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಗೆ ಹೋಗಿ, ಹೈದರಾಲಿ ಹುಟ್ಟಿದ ಊರು. ಅವನ ತಂದೆ ಫತೇ ಮಹಮ್ಮದನ ಗೋರಿ ಇರುವ ಮಕ್ಬರಾ ಕೋಲಾರ ಪೇಟೆಯಲ್ಲಿದೆ. ಯಲಹಂಕಕ್ಕೆ ಹೊರಟ ದಿನ ಅರ್ಧ ಗಂಟೆ ಅಲ್ಲಿ ಗಾಡಿ ನಿಲ್ಲಿಸಿದರೆ ಸಾಕು.